ಬೆಳ್ಳಿ ನ್ಯಾನೋಕಣ, ಕೆರೆ ನೀರು, ಎಸ್‌ಟಿಪಿ ಕೆಸರು: ಬ್ಯಾಕ್ಟೀರಿಯಾ ಮೇಲಿನ ವಿಷತ್ವ ಅಳೆಯುವುದು ಹೇಗೆ?

ಕೆರೆಯಂಗಳ
ಎಲ್ಲರಿಗೂ ನಮಸ್ಕಾರ. ಒಂದು ಎಂ.ಎಸ್‌ಸಿ. ಪ್ರಾಜೆಕ್ಟ್‌ನ ವಿನ್ಯಾಸಕ್ಕೆ ತಿಳಿದವರ ಸಲಹೆ ಬೇಕಾಗಿದೆ. ವಸ್ತುಗಳು ಮೂರು: ಸಿಟ್ರೇಟ್ ಲೇಪದ 20 ನ್ಯಾನೋಮೀಟರ್ ಬೆಳ್ಳಿ, ಸತುವಿನ ಆಕ್ಸೈಡ್ ಪುಡಿ, ಟೈಟಾನಿಯಂ ಡೈಆಕ್ಸೈಡ್ ಪುಡಿ. ಬ್ಯಾಕ್ಟೀರಿಯಾ ಎರಡು ಕಡೆಯಿಂದ: ಬೆಳ್ಳಂದೂರು ಕೆರೆಯ ನೀರು, ಮತ್ತು ಒಂದು ಅಪಾರ್ಟ್‌ಮೆಂಟ್ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಘಟಕ) ಏರೇಷನ್ (ಗಾಳಿ ಊದುವ) ಟ್ಯಾಂಕಿನ ಕೆಸರು. ಎಲ್‌ಬಿ ಬ್ರಾತ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರಾವಣ) ಬೆಳೆಸಿ, ಅಗರ್ ತಟ್ಟೆಯಲ್ಲಿ ಗುಳಿ ಮಾಡಿ ಕಣಗಳನ್ನು ಹಾಕಿ, ಸುತ್ತಲಿನ ಬೆಳೆಯದ ವಲಯವನ್ನು ಅಳೆಯುವುದು. ಜೊತೆಗೆ 600 ನ್ಯಾನೋಮೀಟರ್‌ನಲ್ಲಿ ಓಡಿ (ದ್ರಾವಣ ಎಷ್ಟು ಮಸುಕಾಗಿದೆ ಎಂಬ ಅಳತೆ) ನೋಡಿ ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ ಪ್ರಮಾಣ) ಹೇಳುವುದು. ಪ್ರಮಾಣ ಲೀಟರಿಗೆ 10ರಿಂದ 500 ಮಿಲಿಗ್ರಾಂ. ಇಷ್ಟು ಸಾಕೇ? ಏನಾದರೂ ತಪ್ಪಿದೆಯೇ?

ಸೂಕ್ಷ್ಮದರ್ಶಿ
ವಿಷಯ ಚೆನ್ನಾಗಿದೆ. ವಿಧಾನ ಮಾತ್ರ ಬುಡದಿಂದ ಬದಲಾಗಬೇಕು. ಒಂದೊಂದಾಗಿ ಹೇಳುತ್ತೇನೆ.

ಗುಳಿ ಪರೀಕ್ಷೆಯನ್ನು ಕೈಬಿಡಿ. ಅಗರ್ ಒಳಗೆ ನ್ಯಾನೋಕಣ ಹೆಚ್ಚು ದೂರ ಹರಿಯುವುದಿಲ್ಲ. ಗುಳಿಯ ಅಂಚಿನಲ್ಲೇ ಕೂರುತ್ತದೆ. ಹರಡುವುದು ಅದರಿಂದ ಕರಗಿ ಬಂದ ಬೆಳ್ಳಿ ಅಯಾನು. ಹಾಗಾಗಿ ವಲಯದ ವ್ಯಾಸ ಹೇಳುವುದು ಎಷ್ಟು ಕರಗಿತು, ಎಷ್ಟು ದೂರ ಹರಿಯಿತು, ದಾರಿಯಲ್ಲಿ ಮೀಡಿಯಂ ಎಷ್ಟನ್ನು ಹಿಡಿದಿಟ್ಟುಕೊಂಡಿತು ಎಂಬುದನ್ನು. ಎರಡು ಬಗೆಯ ಕಣಗಳಲ್ಲಿ ಯಾವುದು ಹೆಚ್ಚು ವಿಷ ಎಂದು ಹೋಲಿಸಲು ಅದು ನೆರವಾಗುವುದಿಲ್ಲ. ವಲಯ ಚಿಕ್ಕದಾಗಿದ್ದರೂ ಕಣ ತಾಗಿದ ಜಾಗದಲ್ಲಿ ಬ್ಯಾಕ್ಟೀರಿಯಾ ಪೂರ್ತಿ ಸತ್ತಿರಬಹುದು.

ಎರಡನೆಯದು ಎಲ್‌ಬಿ. ಮಿಲ್ಲರ್ ಸೂತ್ರದ ಎಲ್‌ಬಿಯಲ್ಲಿ ಲೀಟರಿಗೆ 10 ಗ್ರಾಂ ಉಪ್ಪು, ಅಂದರೆ 171 ಮಿಲಿಮೋಲ್ ಕ್ಲೋರೈಡ್. ಅದರ ಮೇಲೆ ಟ್ರಿಪ್ಟೋನ್, ಯೀಸ್ಟ್ ಸಾರ. ಇವುಗಳಲ್ಲಿ ಗಂಧಕವಿರುವ ಅಮೈನೋ ಆಮ್ಲಗಳಿರುತ್ತವೆ, ಬೆಳ್ಳಿಯನ್ನು ಗಟ್ಟಿಯಾಗಿ ಹಿಡಿಯುತ್ತವೆ. ಒಂದು ಸಿಸ್ಟೀನ್ ಅಣು ಒಂದು ಬೆಳ್ಳಿ ಅಯಾನನ್ನು ಕಟ್ಟಿಹಾಕಿದರೆ ಮುಗಿಯಿತು, ವಿಷ ಇಳಿಯಿತು. ಎಲ್‌ಬಿಯಲ್ಲಿ 50 ಮಿಲಿಗ್ರಾಂ ಹಾಕಿದರೂ ಏನೂ ಆಗದ ಬೆಳ್ಳಿ, ಕ್ಲೋರೈಡ್ ಇಲ್ಲದ ತೆಳು ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಅದರ ಸಾವಿರದ ಒಂದು ಪಾಲಿಗೇ ಕೊಲ್ಲಬಹುದು. ಕೆರೆ ನೀರಿನಲ್ಲಿ ಟ್ರಿಪ್ಟೋನ್ ಇರುವುದಿಲ್ಲ, ಆದ್ದರಿಂದ ಎಲ್‌ಬಿಯ ಅಂಕಿಯನ್ನು ಕೆರೆಗೆ ಅನ್ವಯಿಸಲಾಗದು.

ಶುದ್ಧ ಕಲ್ಚರ್ ಇಟ್ಟುಕೊಂಡರೆ ಹೀಗೆ ಮಾಡಿ. ರಾತ್ರಿ ಬೆಳೆಸಿದ ಕಲ್ಚರ್ ಅನ್ನು ಸೆಂಟ್ರಿಫ್ಯೂಜ್ ಮಾಡಿ, ಕ್ಲೋರೈಡ್ ಮತ್ತು ಫಾಸ್ಫೇಟ್ ಎರಡೂ ಇಲ್ಲದ ಬಫರ್‌ನಲ್ಲಿ (10 ಮಿಲಿಮೋಲ್ ಹೆಪೆಸ್ ಅಥವಾ ಮಾಪ್ಸ್, ಪಿಎಚ್ 7.2) ಮೂರು ಸಲ ತೊಳೆಯಿರಿ. ಕ್ಲೋರೈಡ್ ಬೆಳ್ಳಿಗೆ ತೊಡಕು, ಫಾಸ್ಫೇಟ್ ಸತುವಿಗೆ ತೊಡಕು; ಸತುವಿನ ಫಾಸ್ಫೇಟ್ ಆಗಿ ತಳಕ್ಕೆ ಕೂತುಬಿಡುತ್ತದೆ. ಸಾಮಾನ್ಯ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಮತ್ತು ಉಪ್ಪಿನ ಬಫರ್) ಎರಡೂ ಇವೆ. ಮಿಲಿಲೀಟರಿಗೆ 10 ಲಕ್ಷ ಜೀವಕೋಶಕ್ಕೆ ಇಳಿಸಿ, ಆಮೇಲೆ ಕಣ ಸೇರಿಸಿ, 1 ಮತ್ತು 3 ಗಂಟೆಗೆ ಮಾದರಿ ತೆಗೆಯಿರಿ.

ತುಂತುರು
ಓಡಿ ಬಗ್ಗೆ ನಾನು ಸೇರಿಸುತ್ತೇನೆ. ಕಣಗಳೇ ಬೆಳಕನ್ನು ಚದುರಿಸುತ್ತವೆ. ಟೈಟಾನಿಯಂ ಪುಡಿ 50 ಮಿಲಿಗ್ರಾಂ ಇದ್ದರೆ ನೀರು ಮಜ್ಜಿಗೆಯಂತೆ ಕಾಣುತ್ತದೆ, ಅಲ್ಲಿ ಓಡಿ ಓದಿ ಬ್ಯಾಕ್ಟೀರಿಯಾ ಎಷ್ಟು ಎಂದು ಹೇಳುವುದು ಹೇಗೆ? ಕಣ ಮಾತ್ರ ಇರುವ ಬ್ಲ್ಯಾಂಕ್ ಇಟ್ಟು ಕಳೆದರೂ ಸರಿಹೋಗದು. ಬ್ಯಾಕ್ಟೀರಿಯಾ ಇದ್ದಾಗ ಕಣಗಳು ಮುದ್ದೆಗಟ್ಟುವ ರೀತಿ ಬೇರೆ, ಇಲ್ಲದಾಗ ಬೇರೆ. ಜೀವಕೋಶದ ಸ್ಥಿತಿ ತೋರಿಸುವ ಎಂಟಿಟಿ, ರೆಸಾಜುರಿನ್, ಡಿಸಿಎಫ್ ಬಣ್ಣಗಳಿಗೂ ಇದೇ ಕಾಟ. ಇಂಗಾಲದ ನ್ಯಾನೋಕೊಳವೆ ಎಂಟಿಟಿಯ ಫಾರ್ಮಜಾನ್ ಹರಳನ್ನು ಹೀರಿಕೊಳ್ಳುತ್ತದೆ, ಗ್ರಾಫೀನ್ ಆಕ್ಸೈಡ್ ಹೊಳೆಯುವ ಬಣ್ಣಗಳ ಬೆಳಕನ್ನು ನುಂಗುತ್ತದೆ. ಯಾವ ಬಣ್ಣ ಬಳಸಿದರೂ ಬ್ಯಾಕ್ಟೀರಿಯಾ ಇಲ್ಲದೆ ಕಣ ಮತ್ತು ಬಣ್ಣ, ಕಾಯಿಸಿ ಕೊಂದ ಬ್ಯಾಕ್ಟೀರಿಯಾ ಮತ್ತು ಕಣ ಮತ್ತು ಬಣ್ಣ, ಈ ಎರಡು ಕಂಟ್ರೋಲ್ (ಹೋಲಿಕೆಯ ಮಾದರಿ) ಇರಲೇಬೇಕು.

ಕಾಲೊನಿ ಎಣಿಕೆಯೇ ನಂಬಿಕೆಗೆ ಹತ್ತಿರ. ಅದರಲ್ಲೂ ಎರಡು ಕಡೆ ಜಾರಬಹುದು. ಒಂದು, ಮಾದರಿಯ ಜೊತೆ ಬೆಳ್ಳಿಯೂ ತಟ್ಟೆಗೆ ಹೋಗಿ ಅಲ್ಲಿ ಕೊಲ್ಲುವುದನ್ನು ಮುಂದುವರಿಸುತ್ತದೆ. ತಟಸ್ಥಕ ಬೇಕು: ಡೈಲ್ಯೂಷನ್ ನೀರಿನಲ್ಲಿ ಲೀಟರಿಗೆ 1 ಗ್ರಾಂ ಸೋಡಿಯಂ ಥಯೋಗ್ಲೈಕೊಲೇಟ್ ಮತ್ತು 1.46 ಗ್ರಾಂ ಸೋಡಿಯಂ ಥಯೋಸಲ್ಫೇಟ್, ಫಿಲ್ಟರ್ ಮಾಡಿ ಸ್ಟೆರಿಲೈಸ್ ಮಾಡಿದ್ದು. ಅದು ತಾನೇ ಬ್ಯಾಕ್ಟೀರಿಯಾಗೆ ಹಾನಿ ಮಾಡುವುದಿಲ್ಲ ಎಂಬುದನ್ನು, ಬೆಳ್ಳಿಯ ಕೆಲಸವನ್ನು ನಿಜಕ್ಕೂ ನಿಲ್ಲಿಸುತ್ತದೆ ಎಂಬುದನ್ನು ಮೊದಲೇ ತೋರಿಸಿ. ಎರಡು, ಕಣಕ್ಕೆ ಅಂಟಿಕೊಂಡು ಐವತ್ತು ಬ್ಯಾಕ್ಟೀರಿಯಾ ಒಂದೇ ಮುದ್ದೆಯಾದರೆ ತಟ್ಟೆಯಲ್ಲಿ ಒಂದೇ ಕಾಲೊನಿ. ಸತ್ತಿದ್ದು 49 ಎಂದು ಲೆಕ್ಕ ಬರುತ್ತದೆ, ಸತ್ತಿದ್ದು ಒಂದೂ ಇರಲಿಕ್ಕಿಲ್ಲ. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮುದ್ದೆ ಇದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಈ ಹೆಜ್ಜೆಯನ್ನು ಬಿಡಬೇಡಿ.

ಕೆರೆ ನೀರಿಗೆ ನ್ಯೂಟ್ರಿಯೆಂಟ್ ಅಗರ್ ಬೇಡ, ಪೋಷಕಾಂಶ ಕಡಿಮೆ ಇರುವ ಆರ್2ಎ ಅಗರ್ ಬಳಸಿ; 25ರಿಂದ 28 ಡಿಗ್ರಿಯಲ್ಲಿ 5ರಿಂದ 7 ದಿನ ಕಾಯಿರಿ. ಮರುದಿನವೇ ಎಣಿಸಿದರೆ ಗಡಿಬಿಡಿಯಲ್ಲಿ ಬೆಳೆಯುವ ನಾಲ್ಕು ಜಾತಿಗಳ ಲೆಕ್ಕವಷ್ಟೇ ಸಿಗುತ್ತದೆ.

ಹಸಿರೆಲೆ
ಬೆಳ್ಳಿ ಕಣವನ್ನು ತುಳಸಿ ಅಥವಾ ಬೇವಿನ ಎಲೆಯ ಕಷಾಯದಿಂದ ತಯಾರಿಸಿದರೆ ಆಗುತ್ತದಲ್ಲವೇ? ಖರ್ಚೂ ಕಡಿಮೆ, ಪರಿಸರಸ್ನೇಹಿ ಎಂದೂ ಹೇಳಬಹುದು.

ಸೂಕ್ಷ್ಮದರ್ಶಿ
ತಯಾರಿಸಬಹುದು, ವಿಷತ್ವದ ಅಧ್ಯಯನಕ್ಕೆ ಮಾತ್ರ ಅದು ಕಷ್ಟದ ವಸ್ತು. ಎಲೆಯ ಪಾಲಿಫೀನಾಲ್‌ಗಳಿಗೆ ತಮ್ಮದೇ ಆದ ಬ್ಯಾಕ್ಟೀರಿಯಾ-ವಿರೋಧಿ ಗುಣವಿದೆ. ಕಷಾಯ ಕಡಿಮೆಯಾದರೆ ಕ್ರಿಯೆಗೆ ಸಿಗದ ಬೆಳ್ಳಿ ನೈಟ್ರೇಟ್ ದ್ರಾವಣದಲ್ಲಿ ಉಳಿಯುತ್ತದೆ, ಆಗ ನೀವು ಅಳೆಯುವುದು ಕಣವನ್ನಲ್ಲ, ಉಳಿದ ಉಪ್ಪನ್ನು. ಲೇಪ ಏನು, ಎಷ್ಟು ದಪ್ಪ ಎಂಬುದು ಪ್ರತಿ ಬ್ಯಾಚಿಗೂ ಬೇರೆ. ಆಷಾಢದ ತುಳಸಿ, ಚೈತ್ರದ ತುಳಸಿ ಒಂದೇ ಅಲ್ಲ. ಅದನ್ನೇ ಮಾಡುವುದಾದರೆ ಡಯಾಲಿಸಿಸ್ ಚೀಲದಲ್ಲಿ ಹಾಕಿ ನೀರು ಬದಲಿಸುತ್ತ ಉಳಿಕೆ ತೆಗೆಯಿರಿ. ಬೆಳ್ಳಿ ಇಲ್ಲದ ಕಷಾಯ, ಅಷ್ಟೇ ಪ್ರಮಾಣದ ಬೆಳ್ಳಿ ನೈಟ್ರೇಟ್, ತೊಳೆದ ಕೊನೆಯ ನೀರು, ಈ ಮೂರನ್ನೂ ಕಂಟ್ರೋಲ್ ಆಗಿ ಇಡಿ. ಸಿಟ್ರೇಟ್ ಕಣಕ್ಕೂ ಕಣವಿಲ್ಲದ ಸಿಟ್ರೇಟ್ ಕಂಟ್ರೋಲ್ ಬೇಕು, ಏಕೆಂದರೆ ಕೆರೆಯ ಕೆಲವು ಬ್ಯಾಕ್ಟೀರಿಯಾಗಳಿಗೆ ಸಿಟ್ರೇಟ್ ಆಹಾರ. ವಿಷ ಹಾಕಿದ ಬಾಟಲಿಯಲ್ಲಿ ಬೆಳವಣಿಗೆ ಹೆಚ್ಚಾಗಿ ಕಂಡರೆ ಮೊದಲು ಅದನ್ನೇ ಅನುಮಾನಿಸಿ.

ಅಯಾನುಪಕ್ಷ
ಈ ಚರ್ಚೆಯ ಮೂಲ ಪ್ರಶ್ನೆ ಇಲ್ಲಿದೆ: ಕೊಲ್ಲುವುದು ಕಣವೋ ಅಯಾನೋ? ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಲ್ಲಿ ಇದಕ್ಕೆ ಬಹಳ ಸರಳವಾದ ಪರೀಕ್ಷೆ ಮಾಡಿದರು. ಬೆಳ್ಳಿ ಲೋಹ ಅಯಾನಾಗಬೇಕಾದರೆ ಆಮ್ಲಜನಕ ಬೇಕು. ಆಮ್ಲಜನಕವೇ ಇಲ್ಲದ ಪೆಟ್ಟಿಗೆಯೊಳಗೆ ಈ. ಕೋಲೈಗೆ (ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ) ಬೆಳ್ಳಿ ನ್ಯಾನೋಕಣ ಹಾಕಿದರು. ಬೆಳ್ಳಿ ಅಯಾನಿನ ಮಾರಕ ಪ್ರಮಾಣಕ್ಕಿಂತ ಏಳು ಸಾವಿರ ಪಟ್ಟಿಗೂ ಹೆಚ್ಚು ಕಣ ಹಾಕಿದರೂ ವಿಷತ್ವ ಕಾಣಲಿಲ್ಲ. ಅಂದರೆ ಕಣ ಎನ್ನುವುದು ಅಯಾನಿನ ಗೋದಾಮು. ಪ್ರತಿ ಪ್ರಯೋಗದಲ್ಲೂ ಕರಗಿದ ಬೆಳ್ಳಿಯನ್ನು ಅಳೆಯದೆ "ನ್ಯಾನೋ ವಿಷ" ಎಂದು ಬರೆಯುವುದು ತಪ್ಪು.

ಅಳೆಯುವಾಗ 0.2 ಮೈಕ್ರಾನ್ ಸಿರಿಂಜ್ ಫಿಲ್ಟರ್ ನೆಚ್ಚಿಕೊಳ್ಳಬೇಡಿ. ಅದರ ತೂತು 200 ನ್ಯಾನೋಮೀಟರ್, ನಿಮ್ಮ ಕಣ 20. ಪೂರ್ತಿ ತೂರಿಹೋಗುತ್ತದೆ. 3 ಅಥವಾ 10 ಕಿಲೋಡಾಲ್ಟನ್ (ಅಣುತೂಕದ ಅಳತೆ; ತೂತು ಕೆಲವೇ ನ್ಯಾನೋಮೀಟರ್) ಸೆಂಟ್ರಿಫ್ಯೂಜ್ ಫಿಲ್ಟರ್ ಬೇಕು. ಅದರ ಪೊರೆಯೂ ಬೆಳ್ಳಿಯನ್ನು ಹೀರಿಕೊಳ್ಳುತ್ತದೆ. ಮೊದಲ ಪಾಲು ಚೆಲ್ಲಿ, ಗೊತ್ತಿರುವ ಪ್ರಮಾಣದ ಬೆಳ್ಳಿ ನೈಟ್ರೇಟ್ ಹಾಯಿಸಿ ಎಷ್ಟು ಶೇಕಡಾ ಹೊರಬರುತ್ತದೆ ಎಂದು ನೋಡಿ, ಆಮೇಲೆ ಮಾದರಿ ಹಾಯಿಸಿ. ಹೊರಬಂದ ನೀರಿಗೆ ಶೇ. 2 ನೈಟ್ರಿಕ್ ಆಮ್ಲ ಸೇರಿಸಿ, ಕತ್ತಲಲ್ಲಿಟ್ಟು ಐಸಿಪಿ-ಎಂಎಸ್‌ಗೆ (ಅತ್ಯಲ್ಪ ಲೋಹವನ್ನೂ ಅಳೆಯುವ ಯಂತ್ರ) ಕಳಿಸಿ. ಹೈಡ್ರೋಕ್ಲೋರಿಕ್ ಆಮ್ಲ ಸ್ವಲ್ಪ ಬಿದ್ದರೂ ಬೆಳ್ಳಿ ಕ್ಲೋರೈಡ್ ಆಗಿ ಗೋಡೆಗೆ ಅಂಟಿಕೊಳ್ಳುತ್ತದೆ.

ತುಂತುರು
ಅಯಾನು ಮುಖ್ಯ ಎಂಬುದರಲ್ಲಿ ತಕರಾರಿಲ್ಲ. ಆದರೆ "ಕಣಕ್ಕೆ ಪಾತ್ರವೇ ಇಲ್ಲ" ಎನ್ನುವುದನ್ನು ಒಪ್ಪಲಾಗದು. 2008ರಲ್ಲಿ ಮಿಸೌರಿ ವಿಶ್ವವಿದ್ಯಾಲಯದವರು ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಮೇಲೆ ನೋಡಿದ್ದರು. ಲೀಟರಿಗೆ 1 ಮಿಲಿಗ್ರಾಂ ಬೆಳ್ಳಿ. ನ್ಯಾನೋಕಣವಾಗಿ ಕೊಟ್ಟಾಗ ಉಸಿರಾಟ ಶೇ. 86ರಷ್ಟು ಕುಗ್ಗಿತು, ಅಯಾನಾಗಿ ಕೊಟ್ಟಾಗ ಶೇ. 42, ಬೆಳ್ಳಿ ಕ್ಲೋರೈಡ್ ಕೊಲಾಯ್ಡ್ ಆಗಿ ಶೇ. 46. ಅದೇ ಕೆಲಸದಲ್ಲಿ ಈ. ಕೋಲೈಗೆ ತದ್ವಿರುದ್ಧ, ಅಲ್ಲಿ ಅಯಾನೇ ಹೆಚ್ಚು ವಿಷ. ಒಂದು ಜಾತಿಯ ಫಲಿತಾಂಶವನ್ನು ಇನ್ನೊಂದಕ್ಕೆ ಹಚ್ಚಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಒಂದು ಲೆಕ್ಕ ಹಾಕಿ ನೋಡಿ. ಲೀಟರಿಗೆ 1 ಮಿಲಿಗ್ರಾಂ ಬೆಳ್ಳಿ 20 ನ್ಯಾನೋಮೀಟರ್ ಕಣಗಳಾಗಿ ಇದ್ದರೆ ಮಿಲಿಲೀಟರಿಗೆ ಸುಮಾರು 2,300 ಕೋಟಿ ಕಣ. ಬ್ಯಾಕ್ಟೀರಿಯಾ 10 ಲಕ್ಷ ಎಂದರೆ ತಲೆಗೆ 23 ಸಾವಿರ. ಅದೇ ತೂಕ 100 ನ್ಯಾನೋಮೀಟರ್ ಕಣವಾದರೆ 125 ಪಟ್ಟು ಕಡಿಮೆ, ತಲೆಗೆ 180 ಚಿಲ್ಲರೆ. ಮೇಲ್ಮೈ ಲೆಕ್ಕ: ಗ್ರಾಂಗೆ 28.6 ಚದರ ಮೀಟರ್ ಒಂದು ಕಡೆ, 5.7 ಇನ್ನೊಂದು ಕಡೆ. ಜೀವಕೋಶದ ಗೋಡೆಗೆ ಅಂಟಿದ ಕಣ ಕರಗುವಾಗ ಅಲ್ಲಿಯ ಅಯಾನು ಪ್ರಮಾಣ ಸುತ್ತಲ ನೀರಿಗಿಂತ ಬಹಳ ಹೆಚ್ಚಿರುತ್ತದೆ, ಫಿಲ್ಟರ್ ಮಾಡಿದ ನೀರಿನಲ್ಲಿ ಅದು ಕಾಣುವುದಿಲ್ಲ. ಗೋದಾಮು ಎಲ್ಲಿ ಇದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಅಯಾನುಪಕ್ಷ
ಆ ಮಾತು ಒಪ್ಪಿದೆ. ಹಾಗಾದರೆ ತೀರ್ಪಿಗೆ ಬೇಕಾದ್ದು ಎರಡು ವಕ್ರರೇಖೆ: ಒಂದು ಬೆಳ್ಳಿ ನೈಟ್ರೇಟಿನ ಡೋಸ್-ರೆಸ್ಪಾನ್ಸ್ (ಯಾವ ಪ್ರಮಾಣಕ್ಕೆ ಎಷ್ಟು ಪರಿಣಾಮ), ಇನ್ನೊಂದು ಕಣದ್ದು. ಕಣದ್ದನ್ನು ಒಟ್ಟು ಬೆಳ್ಳಿಗೂ ಕರಗಿದ ಬೆಳ್ಳಿಗೂ ಎರಡು ಸಲ ಬಿಡಿಸಿ. ಕರಗಿದ ಬೆಳ್ಳಿಯ ಮೇಲೆ ಬಿಡಿಸಿದಾಗ ಎರಡೂ ಒಂದರ ಮೇಲೊಂದು ಕೂತರೆ ಅಯಾನೇ ಕಾರಣ. ಕಣದ ರೇಖೆ ಎಡಕ್ಕೆ ಸರಿದು ನಿಂತರೆ ಅಂಟುವಿಕೆಯ ಪಾಲು ಇದೆ.

ಕೆಸರುಗಾರ
ಎಸ್‌ಟಿಪಿ ಕೆಸರಿನ ಭಾಗವನ್ನು ನಾನು ಹೇಳುತ್ತೇನೆ. ಇದಕ್ಕೆ ಸಿದ್ಧ ವಿಧಾನವೇ ಇದೆ: ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪರೀಕ್ಷೆ ಸಂಖ್ಯೆ 209, ಕೆಸರಿನ ಉಸಿರಾಟ ತಡೆ ಪರೀಕ್ಷೆ, 2010ರ ಪರಿಷ್ಕೃತ ರೂಪ. ಕೆಸರು ಲೀಟರಿಗೆ 1.5 ಗ್ರಾಂ ಒಣ ತೂಕಕ್ಕೆ ಸರಿಮಾಡಿ, ಕೃತಕ ಚರಂಡಿನೀರು ಹಾಕಿ, 3 ಗಂಟೆ ಗಾಳಿ ಕೊಟ್ಟು, ಆಮೇಲೆ ಮುಚ್ಚಿದ ಬಾಟಲಿಯಲ್ಲಿ ಡಿಓ (ನೀರಿನಲ್ಲಿ ಕರಗಿದ ಆಮ್ಲಜನಕ) ಎಷ್ಟು ಬೇಗ ಇಳಿಯುತ್ತದೆ ನೋಡುವುದು. ಲೀಟರಿಗೆ 6.5 ಮಿಲಿಗ್ರಾಂನಿಂದ 2.5ರವರೆಗಿನ ಇಳಿಜಾರು ಸಾಕು. ನಿಮಿಷಕ್ಕೆ 0.6 ಇಳಿದರೆ ಗಂಟೆಗೆ 36, ಕೆಸರಿನ 1.5ರಿಂದ ಭಾಗಿಸಿ, ಗ್ರಾಂಗೆ ಗಂಟೆಗೆ 24 ಮಿಲಿಗ್ರಾಂ. ವಿಷವಿಲ್ಲದ ಕಂಟ್ರೋಲ್‌ನಲ್ಲಿ ಇದು 20ಕ್ಕಿಂತ ಕಡಿಮೆ ಬಂದರೆ ಕೆಸರು ಮೊದಲೇ ಸುಸ್ತಾಗಿದೆ ಎಂದರ್ಥ, ಹೊಸದು ತನ್ನಿ. ಹೋಲಿಕೆಗೆ ಗೊತ್ತಿರುವ ವಿಷವಾದ 3,5-ಡೈಕ್ಲೋರೋಫೀನಾಲ್ ಹಾಕಿದ ಬಾಟಲಿಯಲ್ಲಿ ಅರ್ಧ ತಡೆ 2ರಿಂದ 25 ಮಿಲಿಗ್ರಾಂ ನಡುವೆ ಬರಬೇಕು.

ನಮ್ಮ ಊರಿಗೆ ಸೇರಿದ ಒಂದು ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಪುಸ್ತಕದ ಕೋಷ್ಟಕದಲ್ಲಿ 25 ಡಿಗ್ರಿಗೆ ಡಿಓ ಗರಿಷ್ಠ 8.26 ಎಂದಿರುತ್ತದೆ, ಇಲ್ಲಿ ಸಿಗುವುದು ಸುಮಾರು 7.4. ಮೀಟರಿನಲ್ಲಿ ಎತ್ತರ ಅಥವಾ ಗಾಳಿಯ ಒತ್ತಡ ಹಾಕದೆ ಕ್ಯಾಲಿಬ್ರೇಟ್ ಮಾಡಿದರೆ ಪ್ರತಿ ಓದೂ ಶೇ. 10ಕ್ಕಿಂತ ಹೆಚ್ಚು ಮೇಲಿರುತ್ತದೆ, ಇಳಿಜಾರೂ ಅಷ್ಟೇ ಹೆಚ್ಚು ಕಾಣುತ್ತದೆ.

ಈಗ ನೈಟ್ರಿಫಿಕೇಷನ್, ಅಂದರೆ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವುದು. ಸಾಮಾನ್ಯ ಕ್ರಮದಲ್ಲಿ ಒಂದು ಬಾಟಲಿಗೆ ಅಲೈಲ್‌ಥಯೋಯೂರಿಯಾ, ಅಂದರೆ ಎಟಿಯು, ಲೀಟರಿಗೆ 11.6 ಮಿಲಿಗ್ರಾಂ ಹಾಕಿ ಅಮೋನಿಯಾ ಬ್ಯಾಕ್ಟೀರಿಯಾಗಳನ್ನು ನಿಲ್ಲಿಸುತ್ತಾರೆ. ಎರಡು ಬಾಟಲಿಗಳ ವ್ಯತ್ಯಾಸವೇ ನೈಟ್ರಿಫಿಕೇಷನ್ ಪಾಲು. ಬೆಳ್ಳಿಗೆ ಇಲ್ಲಿ ಹಳ್ಳವಿದೆ. 11.6 ಮಿಲಿಗ್ರಾಂ ಎಟಿಯು ಎಂದರೆ 100 ಮೈಕ್ರೋಮೋಲ್. 1 ಮಿಲಿಗ್ರಾಂ ಬೆಳ್ಳಿ ಎಂದರೆ 9.3 ಮೈಕ್ರೋಮೋಲ್. ಎಟಿಯುವಿನಲ್ಲಿರುವ ಗಂಧಕ ಬೆಳ್ಳಿಯನ್ನು ಹಿಡಿಯುತ್ತದೆ, ಅದೂ ಹತ್ತು ಪಟ್ಟು ಹೆಚ್ಚು ಇದೆ. ಮೊದಲೇ ಹಾಕಿದರೆ ಆ ಬಾಟಲಿಯಲ್ಲಿ ವಿಷವೇ ಇರುವುದಿಲ್ಲ. ಆದ್ದರಿಂದ 3 ಗಂಟೆ ಕಣದ ಜೊತೆ ಬಿಟ್ಟು, ಡಿಓ ಅಳೆಯುವ ಮುಂಚೆ ಮಾತ್ರ ಎಟಿಯು ಹಾಕಿ. ಇನ್ನೂ ಒಳ್ಳೆಯದು ಎಟಿಯು ಕೈಬಿಟ್ಟು ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಮೂರನ್ನೂ ಅರ್ಧ ಗಂಟೆಗೊಮ್ಮೆ ಅಳೆಯುವುದು. ನೈಟ್ರೈಟ್ ಏರುತ್ತ ಹೋದರೆ ಎರಡನೇ ಹೆಜ್ಜೆಯ ಬ್ಯಾಕ್ಟೀರಿಯಾಗಳಿಗೆ, ಅಮೋನಿಯಾ ಇಳಿಯದಿದ್ದರೆ ಮೊದಲ ಹೆಜ್ಜೆಯವಕ್ಕೆ ಪೆಟ್ಟು ಬಿದ್ದಿದೆ ಎಂದು ನೇರವಾಗಿ ಗೊತ್ತಾಗುತ್ತದೆ.

ಕೃತಕ ಚರಂಡಿನೀರಿನ ಪೆಪ್ಟೋನ್ ಕೂಡ ಬೆಳ್ಳಿಯನ್ನು ಹಿಡಿಯುತ್ತದೆ ಎಂಬುದು ನೆನಪಿರಲಿ. ಪೆಪ್ಟೋನ್ ಬದಲು ಅಸಿಟೇಟ್ ಮತ್ತು ಅಮೋನಿಯಂ ಸಲ್ಫೇಟ್ ಕೊಟ್ಟ ಒಂದು ಸಾಲನ್ನೂ ಜೊತೆಗೆ ನಡೆಸಿ.

ಕೆರೆಯಂಗಳ
ಇಷ್ಟು ವಿವರಕ್ಕೆ ಎಲ್ಲರಿಗೂ ಕೃತಜ್ಞತೆ. ಕೆರೆ ನೀರನ್ನೇ ಮೀಡಿಯಂ ಆಗಿ ಬಳಸಿದರೆ ಕಣ ತೇಲುತ್ತದೆಯೇ, ತಳ ಸೇರುತ್ತದೆಯೇ? ಪುಡಿಗಳನ್ನು ನೀರಲ್ಲಿ ಬಿಡಿಸುವುದು ಹೇಗೆ?

ಸೂಕ್ಷ್ಮದರ್ಶಿ
ಗಡಸುತನ ನೋಡಿ. ಸಿಟ್ರೇಟ್ ಲೇಪದ ಬೆಳ್ಳಿ ಸುಮಾರು 2 ಮಿಲಿಮೋಲ್ ಕ್ಯಾಲ್ಸಿಯಂಗೆ ವೇಗವಾಗಿ ಮುದ್ದೆಗಟ್ಟುತ್ತದೆ. ಗಡಸುತನ ಲೀಟರಿಗೆ 400 ಮಿಲಿಗ್ರಾಂ ಇರುವ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ-ಮೆಗ್ನೀಸಿಯಂ ಸೇರಿ 4 ಮಿಲಿಮೋಲ್. ಕಾವೇರಿ ನಲ್ಲಿ ನೀರಿನಲ್ಲಿ ನಿಂತ ಕಣ ಬೋರ್‌ವೆಲ್ ನೀರಿನಲ್ಲಿ ಸಂಜೆಯೊಳಗೆ ತಳ ಸೇರಬಹುದು. ಹಳದಿ ದ್ರಾವಣ ಬೂದು ಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಯುವಿ-ವಿಸಿಬಲ್‌ನಲ್ಲಿ 400 ನ್ಯಾನೋಮೀಟರಿನ ಆಸುಪಾಸಿನ ಶಿಖರ ಕುಗ್ಗಿ ಅಗಲವಾಗುತ್ತದೆ. ಕೆರೆಯ ಹ್ಯೂಮಿಕ್ ವಸ್ತು (ಕೊಳೆತ ಗಿಡಗಂಟಿಯಿಂದ ಬಂದದ್ದು) ಕಣಕ್ಕೆ ಹೊದಿಕೆಯಾಗಿ ತೇಲಿಸುವುದೂ ಉಂಟು, ವಿಷ ಇಳಿಸುವುದೂ ಉಂಟು. ಪರೀಕ್ಷೆಯ ಶುರುವಿಗೂ ಕೊನೆಗೂ ಡಿಎಲ್‌ಎಸ್ (ಬೆಳಕು ಚದುರುವ ರೀತಿಯಿಂದ ಕಣದ ಗಾತ್ರ ಹೇಳುವ ವಿಧಾನ) ಗಾತ್ರ ಅಳೆಯಿರಿ, ಶುದ್ಧ ನೀರಿನಲ್ಲಲ್ಲ, ನಿಮ್ಮ ಮೀಡಿಯಂನಲ್ಲೇ. ಡಬ್ಬಿಯ ಮೇಲಿನ 20 ಎಂಬ ಅಂಕಿ ಡಬ್ಬಿಯದ್ದು, ಬ್ಯಾಕ್ಟೀರಿಯಾ ಎದುರಿಸುವುದು ಮೀಡಿಯಂನಲ್ಲಿರುವ ಗಾತ್ರವನ್ನು.

ಪುಡಿಗೆ ಪ್ರೋಬ್ ಸೋನಿಕೇಟರ್ (ಶಬ್ದತರಂಗದಿಂದ ಮುದ್ದೆ ಒಡೆಯುವ ಸಾಧನ), ಐಸ್ ನೀರಿನಲ್ಲಿ ಇಟ್ಟು. "ಶೇ. 40 ಆಂಪ್ಲಿಟ್ಯೂಡ್, 10 ನಿಮಿಷ" ಎಂದು ಬರೆದರೆ ಇನ್ನೊಬ್ಬರಿಗೆ ಉಪಯೋಗವಿಲ್ಲ. ಐಸ್ ಇಲ್ಲದೆ 200 ಮಿಲಿಲೀಟರ್ ನೀರಿಗೆ ಪ್ರೋಬ್ ಇಟ್ಟು 5 ನಿಮಿಷದಲ್ಲಿ ಎಷ್ಟು ಡಿಗ್ರಿ ಏರಿತು ನೋಡಿ. 6 ಡಿಗ್ರಿ ಏರಿದರೆ 200 × 4.18 × 6 ÷ 300, ಸುಮಾರು 17 ವ್ಯಾಟ್. ಈ ಅಂಕಿ ಬರೆಯಿರಿ. ಪ್ರೋಬಿನ ತುದಿ ಟೈಟಾನಿಯಂ ಲೋಹ, ಸವೆದು ಮಾದರಿಗೆ ಸೇರುತ್ತದೆ, ತುದಿ ಗುಳಿಬಿದ್ದಿದ್ದರೆ ಬದಲಿಸಿ. ಪುಡಿ ಬಿಡಿಸಲು ಬಿಎಸ್‌ಎ ಪ್ರೋಟೀನ್ ಬಳಸುವ ಹೆಸರಾಂತ ವಿಧಾನವೊಂದಿದೆ, ಬ್ಯಾಕ್ಟೀರಿಯಾ ಪರೀಕ್ಷೆಗೆ ಬೇಡ. ಆ ಪ್ರೋಟೀನೇ ಬೆಳ್ಳಿ, ಸತುವಿಗೆ ಹೊದಿಕೆಯಾಗುತ್ತದೆ. ಆಟೋಕ್ಲೇವ್ ಕೂಡ ಬೇಡ, ಮುದ್ದೆಗಟ್ಟುತ್ತದೆ.

ಸತುವಿನ ಆಕ್ಸೈಡ್ ಬೇಗ ಕರಗುವ ವಸ್ತು, ಅದಕ್ಕೆ ಸತುವಿನ ಸಲ್ಫೇಟ್ ಕಂಟ್ರೋಲ್ ಸಾಕು. ಟೈಟಾನಿಯಂ ಕರಗುವುದಿಲ್ಲ, ಅದರ ಕೆಲಸ ಬೆಳಕಿನಲ್ಲಿ. ಅನಟೇಸ್ ರೂಪಕ್ಕೆ 387 ನ್ಯಾನೋಮೀಟರಿಗಿಂತ ಕಡಿಮೆ ತರಂಗದ ಬೆಳಕು ಬೇಕು. ಕೊಠಡಿಯ ಬಿಳಿ ಎಲ್‌ಇಡಿ ದೀಪದಲ್ಲಿ ಅದು ಇರುವುದೇ ಇಲ್ಲ ಎನ್ನಬಹುದು. ಕತ್ತಲು, 365 ನ್ಯಾನೋಮೀಟರ್ ದೀಪ, ದೀಪವಿದ್ದು ಕಣವಿಲ್ಲದ ಬಾಟಲಿ, ಮೂರೂ ಇರಲಿ. ಕೆರೆಯ ಮೇಲ್ಪದರಕ್ಕೆ ಬಿಸಿಲು ಬೀಳುತ್ತದೆ, ಎಸ್‌ಟಿಪಿ ಟ್ಯಾಂಕಿಗೆ ಬೀಳುವುದಿಲ್ಲ. ಒಂದೇ ಪುಡಿಯ ಫಲಿತಾಂಶ ಎರಡು ಕಡೆ ಬೇರೆಯಾಗುವುದು ಅದಕ್ಕೇ.

ಬ್ಲಾಕ್ ಸಿ ನಿವಾಸಿ
ನಮ್ಮ ಅಪಾರ್ಟ್‌ಮೆಂಟ್ ಎಸ್‌ಟಿಪಿಯಲ್ಲಿ ಮೂರು ವಾರದಿಂದ ಅಮೋನಿಯಾ ಇಳಿಯುತ್ತಿಲ್ಲ. ಬೆಳ್ಳಿ ನ್ಯಾನೋ ಇರುವ ಬಟ್ಟೆ, ಬೆಳ್ಳಿ ಬಿಡುವ ವಾಷಿಂಗ್ ಮೆಷಿನ್ ಕಾರಣವಿರಬಹುದೇ ಸರ್?

ಕೆಸರುಗಾರ
ಮೊದಲು ಸಾಮಾನ್ಯ ಕಾರಣಗಳನ್ನು ನೋಡಿ ಸರ್. 1 ಗ್ರಾಂ ಅಮೋನಿಯಾ ನೈಟ್ರೋಜನ್ ಆಕ್ಸಿಡೈಸ್ ಆಗಲು 4.57 ಗ್ರಾಂ ಆಮ್ಲಜನಕ, 7.14 ಗ್ರಾಂ ಕ್ಷಾರೀಯತೆ ಬೇಕು. ಒಳಬರುವ ನೀರಿನಲ್ಲಿ ಅಮೋನಿಯಾ ನೈಟ್ರೋಜನ್ 40 ಮಿಲಿಗ್ರಾಂ ಇದ್ದರೆ ಕ್ಷಾರೀಯತೆ 286 ಖರ್ಚಾಗುತ್ತದೆ. ಕಾವೇರಿ ನೀರಿಗೆ ಬದಲಾದ ಮೇಲೆ ಕ್ಷಾರೀಯತೆ ಕಡಿಮೆಯಾಗಿ ಪಿಎಚ್ 6.5ಕ್ಕಿಂತ ಇಳಿದಿದ್ದರೆ ಅದೇ ಕಾರಣ, ಸೋಡಾ ಬೂದಿ ಹಾಕಿಸಿ. ಡಿಓ 2ಕ್ಕಿಂತ ಕಡಿಮೆ ಇದೆಯೇ, ರಾತ್ರಿ ಕರೆಂಟ್ ಉಳಿಸಲು ಬ್ಲೋವರ್ ನಿಲ್ಲಿಸುತ್ತಾರೆಯೇ, ಕೆಸರನ್ನು ಅತಿಯಾಗಿ ಹೊರಹಾಕುತ್ತಾರೆಯೇ ಕೇಳಿ. ನೆಲ ಒರೆಸುವ ಕ್ವಾಟರ್ನರಿ ಅಮೋನಿಯಂ ಸೋಂಕುನಿವಾರಕ, ಬ್ಲೀಚ್ ಹೊಸದಾಗಿ ಶುರುವಾಗಿದೆಯೇ ಎಂಬುದನ್ನೂ ನೋಡಿ.

ಬೆಳ್ಳಿ ಬಗ್ಗೆ: ಚರಂಡಿಯಲ್ಲಿ ಸಲ್ಫೈಡ್ ಇದ್ದರೆ ಬೆಳ್ಳಿ ಬೆಳ್ಳಿ ಸಲ್ಫೈಡ್ ಆಗುತ್ತದೆ, ಅದು ನೀರಿನಲ್ಲಿ ಕರಗದಂಥದ್ದು. 1 ಮಿಲಿಗ್ರಾಂ ಸಲ್ಫೈಡ್ 6.7 ಮಿಲಿಗ್ರಾಂ ಬೆಳ್ಳಿಯನ್ನು ಕಟ್ಟಬಲ್ಲದು. ಊರಿನ ದೊಡ್ಡ ಒಳಚರಂಡಿಯಲ್ಲಿ ಗಂಟೆಗಟ್ಟಲೆ ಹರಿದು ಮ್ಯಾನ್‌ಹೋಲ್ ಬಳಿ ಕೊಳೆತ ಮೊಟ್ಟೆ ವಾಸನೆ ಬರುವ ನೀರಿನಲ್ಲಿ ಬೆಳ್ಳಿಯ ಬಹುಪಾಲು ದಾರಿಯಲ್ಲೇ ಹೀಗೆ ಬದಲಾಗಿರುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಮಾತ್ರ ಸ್ಥಿತಿ ಬೇರೆ: ಬಚ್ಚಲಿನಿಂದ ಬೇಸ್‌ಮೆಂಟ್ ಟ್ಯಾಂಕಿಗೆ ಕೆಲವೇ ನಿಮಿಷ, ಒಳಬರುವ ನೀರನ್ನು ಸಮಗೊಳಿಸುವ ಈಕ್ವಲೈಸೇಷನ್ ಟ್ಯಾಂಕಿಗೂ ಗಾಳಿ. ಸಲ್ಫೈಡ್ ಹುಟ್ಟಲು ಸಮಯವೇ ಇಲ್ಲ. ಸಣ್ಣ ಎಸ್‌ಟಿಪಿಗಳಲ್ಲಿ ಬೆಳ್ಳಿಯನ್ನು ಪ್ರತ್ಯೇಕವಾಗಿ ಅಳೆಯಬೇಕು ಎನ್ನುವುದು ಇದಕ್ಕೇ. ಕೆರೆಯಂಗಳ ಅವರೇ, ನಿಮ್ಮ ಪ್ರಾಜೆಕ್ಟಿನ ನಿಜವಾದ ಪ್ರಶ್ನೆ ಇಲ್ಲಿದೆ ಎಂದು ನನಗನ್ನಿಸುತ್ತದೆ. ಹೊಸ ಕಣ ಮತ್ತು ಸಲ್ಫೈಡ್ ಹಾಕಿ ಒಂದು ದಿನ ಬಿಟ್ಟ ಕಣ, ಎರಡನ್ನೂ ಹೋಲಿಸಿ.

ಅಯಾನುಪಕ್ಷ
ಸಲ್ಫೈಡ್ ಆದ ಮೇಲೆ ಶಾಶ್ವತವಾಗಿ ಸುಮ್ಮನಿರುತ್ತದೆ ಎಂದೂ ತಿಳಿಯಬೇಡಿ. ಕೊನೆಯ ಹಂತದಲ್ಲಿ ಓಝೋನ್ ಬಿಡುವ ಘಟಕಗಳಲ್ಲಿ ಬೆಳ್ಳಿ ಸಲ್ಫೈಡ್ ಮತ್ತೆ ಒಡೆದು ಅಯಾನು ಹೊರಬರುತ್ತದೆ.

ಮಣ್ಣಿನಕಣ
ನೀರಿನಿಂದ ಹೋದ ಬೆಳ್ಳಿ, ಸತು ಕೆಸರಿನಲ್ಲಿ ಸೇರುತ್ತದೆ, ಕೆಸರು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಸುತ್ತಲಿನ ನಮ್ಮ ಕೆಂಪು ಮಣ್ಣು ಬಹಳ ಕಡೆ ಆಮ್ಲೀಯ. ಪಿಎಚ್ 5.5ರಲ್ಲಿ ಸತುವಿನ ಆಕ್ಸೈಡ್ ಬೇಗ ಕರಗುತ್ತದೆ, ಕಬ್ಬಿಣದ ಆಕ್ಸೈಡ್ ಸ್ವಲ್ಪ ಭಾಗವನ್ನು ಹಿಡಿದುಕೊಳ್ಳುತ್ತದೆ. ಸುಣ್ಣ ಹಾಕಿದ, ಹಾಕದ ಎರಡು ಮಣ್ಣಿನಲ್ಲಿ ಓಇಸಿಡಿ 216 ನೈಟ್ರೋಜನ್ ಪರೀಕ್ಷೆಯನ್ನು 28 ದಿನ ನಡೆಸಿದರೆ ವ್ಯತ್ಯಾಸ ಕಾಣುತ್ತದೆ. ಡಿಎನ್‌ಎ ತೆಗೆದು ಕ್ಯುಪಿಸಿಆರ್ (ಡಿಎನ್‌ಎ ಪ್ರಮಾಣ ಅಳೆಯುವ ವಿಧಾನ) ಮಾಡುವವರು ಒಂದು ಎಚ್ಚರ ವಹಿಸಿ: ಟೈಟಾನಿಯಂ, ಸೀರಿಯಂ ಆಕ್ಸೈಡ್‌ಗಳು ಡಿಎನ್‌ಎಯ ಫಾಸ್ಫೇಟಿಗೆ ಅಂಟಿಕೊಳ್ಳುತ್ತವೆ. ಗೊತ್ತಿರುವ ಡಿಎನ್‌ಎ ಹಾಕಿ ಎಷ್ಟು ವಾಪಸ್ ಸಿಗುತ್ತದೆ ಎಂದು ನೋಡದೆ "ಬ್ಯಾಕ್ಟೀರಿಯಾ ಕಡಿಮೆಯಾಯಿತು" ಎನ್ನಬೇಡಿ.

ತುಂತುರು
ಕೊಲ್ಲದ ಪ್ರಮಾಣವೂ ಮುಖ್ಯ. ನ್ಯಾನೋ ಅಲ್ಯೂಮಿನಾ ಇದ್ದಾಗ ಬ್ಯಾಕ್ಟೀರಿಯಾಗಳು ಆಂಟಿಬಯಾಟಿಕ್ ಪ್ರತಿರೋಧದ ಜೀನ್ ಇರುವ ಆರ್‌ಪಿ4 ಪ್ಲಾಸ್ಮಿಡ್ ಅನ್ನು (ಡಿಎನ್‌ಎ ಉಂಗುರ) ಒಂದರಿಂದ ಒಂದಕ್ಕೆ ದಾಟಿಸುವುದು 200 ಪಟ್ಟಿನವರೆಗೂ ಹೆಚ್ಚುತ್ತದೆ ಎಂದು 2012ರಲ್ಲೇ ಚೀನಾದ ಸಂಶೋಧಕರು ತೋರಿಸಿದ್ದಾರೆ. 2018ರಲ್ಲಿ ಚೆಕ್ ಗಣರಾಜ್ಯದವರು ಈ. ಕೋಲೈ ಪದೇಪದೇ ಬೆಳ್ಳಿ ಕಣಕ್ಕೆ ಒಡ್ಡಿಕೊಂಡಾಗ ಬಾಲದಂಥ ಎಳೆಯ ಫ್ಲಾಜೆಲಿನ್ ಪ್ರೋಟೀನನ್ನು ಹೆಚ್ಚಾಗಿ ಸುರಿಸಿ ಕಣಗಳನ್ನೇ ಮುದ್ದೆಗಟ್ಟಿಸುವುದನ್ನು ಕಂಡರು. ನಮ್ಮ ಎಸ್‌ಟಿಪಿ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೂ ಹೋಗುತ್ತಿದೆ, ಅಲ್ಲಿಂದ ಅಂತರ್ಜಲಕ್ಕೂ ಇಳಿಯುತ್ತದೆ. ಸಾವಿನ ಎಣಿಕೆ ಮಾತ್ರ ನೋಡಿದರೆ ಈ ಬದಲಾವಣೆ ಕಣ್ಣಿಗೆ ಬೀಳುವುದೇ ಇಲ್ಲ. 500 ಮಿಲಿಗ್ರಾಂ ಬಿಡಿ, ಕೆಳಗಿನ ತುದಿಯನ್ನು ಲೀಟರಿಗೆ 1 ಮೈಕ್ರೋಗ್ರಾಂನಿಂದ ಶುರುಮಾಡಿ.

ಕೆರೆಯಂಗಳ
ಹಾಗಾದರೆ ಹೊಸ ಯೋಜನೆ: ವಸ್ತು ಬೆಳ್ಳಿ ಒಂದೇ, ಸತು ಮತ್ತು ಟೈಟಾನಿಯಂ ಬಿಟ್ಟೆ. ಹೊಸ ಕಣ, ಸಲ್ಫೈಡ್ ಆದ ಕಣ, ಬೆಳ್ಳಿ ನೈಟ್ರೇಟ್, ಸಿಟ್ರೇಟ್ ಕಂಟ್ರೋಲ್. ಅಪಾರ್ಟ್‌ಮೆಂಟ್ ಕೆಸರಿನಲ್ಲಿ ಡಿಓ ಇಳಿಜಾರು ಮತ್ತು ಅಮೋನಿಯಾ-ನೈಟ್ರೈಟ್-ನೈಟ್ರೇಟ್. ಪ್ರಮಾಣ 1, 10, 100, 1000, 5000 ಮೈಕ್ರೋಗ್ರಾಂ. 10 ಕಿಲೋಡಾಲ್ಟನ್ ಫಿಲ್ಟರ್ ನೀರು ಐಸಿಪಿಗೆ. ಪ್ರತಿಯೊಂದೂ ಮೂರು ಬಾಟಲಿ, ಮೂರು ಬೇರೆ ದಿನದ ಕೆಸರು. ಪರೀಕ್ಷೆ ಮುಗಿದ ಬೆಳ್ಳಿ ನೀರನ್ನು ಏನು ಮಾಡಬೇಕು?

ಸೂಕ್ಷ್ಮದರ್ಶಿ
ಯೋಜನೆ ಗಟ್ಟಿಯಾಗಿದೆ. 100 ಮತ್ತು 1000ದ ನಡುವೆ 300 ಸೇರಿಸಿ, ಇಳಿಜಾರು ಬೀಳುವುದು ಸಾಮಾನ್ಯವಾಗಿ ಅಲ್ಲೇ. ಸಲ್ಫೈಡ್ ಹಾಕುವಾಗ ಬೆಳ್ಳಿಗಿಂತ ಹೆಚ್ಚಾಗಿ ಉಳಿದರೆ ಆ ಸಲ್ಫೈಡೇ ಬ್ಯಾಕ್ಟೀರಿಯಾಗೆ ವಿಷ, ತೊಳೆದು ತೆಗೆಯಿರಿ, ಸಲ್ಫೈಡ್ ಮಾತ್ರ ಇರುವ ಕಂಟ್ರೋಲ್ ಇಡಿ.

ಉಳಿದ ನೀರನ್ನು ಸಿಂಕಿಗೆ ಸುರಿಯಬೇಡಿ, ಆ ಸಿಂಕ್ ಹೋಗುವುದು ಇನ್ನೊಂದು ಎಸ್‌ಟಿಪಿಗೇ. ಬೆಳ್ಳಿ ನೈಟ್ರೇಟ್ ದ್ರಾವಣಕ್ಕೆ ಸ್ವಲ್ಪ ಅಡುಗೆ ಉಪ್ಪು ಹಾಕಿ ಕತ್ತಲಲ್ಲಿ ಎರಡು ದಿನ ಬಿಟ್ಟರೆ ಬೆಳ್ಳಿ ಕ್ಲೋರೈಡ್ ಬಿಳಿಯಾಗಿ ತಳಕ್ಕೆ ಕೂರುತ್ತದೆ. ಉಪ್ಪು ಅತಿಯಾದರೆ ಅದೇ ಮತ್ತೆ ಕರಗುತ್ತದೆ, ಹಾಗಾಗಿ ಚಿಟಿಕೆ ಸಾಕು. ತಳ ಸೇರಿದ್ದನ್ನೂ ಕೆಸರನ್ನೂ ಅಪಾಯಕಾರಿ ತ್ಯಾಜ್ಯದ ಡಬ್ಬಿಗೆ ಹಾಕಿ. ತಟಸ್ಥಕ ಸೇರಿದ ನೀರನ್ನು ಮಾತ್ರ ಬೇರೆ ಬಾಟಲಿಯಲ್ಲಿಡಿ. ಥಯೋಸಲ್ಫೇಟ್ ಬೆಳ್ಳಿಯನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ಅದರಲ್ಲಿ ಉಪ್ಪು ಹಾಕಿದರೂ ಏನೂ ಕೂರುವುದಿಲ್ಲ.